ಅಕ್ಕ ಬಿಗಿ ಮಾಡಿದ ಪ್ಲಗ್

ಸ್ಕೂಲ್ ವ್ಯಾನಿನ ಡ್ರೈವರ್ ಆವತ್ತು ಗ್ಯಾರೇಜಿಗೆ ನಡೆದುಕೊಂಡು ಬಂದ. ವ್ಯಾನಿಲ್ಲದೆ ಅವನನ್ನು ಕಂಡವರೇ ಇರಲಿಲ್ಲ. ಮನೆಮನೆಯ ಗೇಟಿನ ಮುಂದೆ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದುದರಿಂದ ಮಕ್ಕಳು ಅವನಿಗೆ ಹಾರ್ನ್ ಮಾಮ ಎಂದು ಹೆಸರಿಟ್ಟಿದ್ದರು. ಆಮೇಲೆ ಅವರ ಅಪ್ಪ ಅಮ್ಮಂದಿರೂ ಹಾಗೇ ಕರೆಯತೊಡಗಿ, ಅವನ ನಿಜವಾದ ಹೆಸರು ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಈಗ ಅವನ ಹಣೆಗೆ ಪಟ್ಟಿ ಸುತ್ತಿತ್ತು, ಅಂಗಿಯ ತೋಳು ಹೆಗಲವರೆಗೆ ಹರಿದಿತ್ತು.

“ಎಲ್ಲಿ ಅವಳು? ಹೊರಗೆ ಬರೋಕೆ ಹೇಳಿ!”

ಅಕ್ಕ ಒಂದು ಕಾರಿನ ಕೆಳಗಿನ ಗುಂಡಿಯಲ್ಲಿ ನಿಂತು ಗೇರ್‌ಬಾಕ್ಸ್ ಬಿಚ್ಚುತ್ತಿದ್ದಳು. ಮನೆಯಲ್ಲಿ ತಮ್ಮನಿಗೆ ಅವಳು ಅಕ್ಕ. ಗ್ಯಾರೇಜಿಗೆ ಬರುವವರಿಗೆಲ್ಲ, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ, ಅಕ್ಕನೇ. ಅಪ್ಪ ಹೋದಮೇಲೆ ಗುಂಡಿಯ ಕೆಲಸವನ್ನೆಲ್ಲ ಅವಳು ವಹಿಸಿಕೊಂಡಿದ್ದಳು. ಮುಂದಿನ ಮೇಜು, ಗಿರಾಕಿಗಳ ಜೊತೆ ಮಾತು, ಬಿಡಿಭಾಗಗಳನ್ನು ತರುವುದು ಇವೆಲ್ಲ ತಮ್ಮನ ಪಾಲಿಗೆ ಬಂದಿದ್ದವು. ಅವನ ಮಾತು ಜೇನು, ಇವಳದು ಮೆಣಸಿನಕಾಯಿ ಎಂದು ಅಮ್ಮ ಮಾಡಿದ ಪಾಲು ಅದು.

ಅಕ್ಕ ಕೈ ಒರೆಸಿಕೊಳ್ಳುತ್ತ ಮೇಲೆ ಬಂದಳು. ಹಾರ್ನ್ ಮಾಮ ಅವಳ ಮುಖದ ಹತ್ತಿರಕ್ಕೇ ಬಂದು ನಿಂತ.

“ಮೊನ್ನೆ ತಾನೇ ಆಯಿಲ್ ಬದಲಾಯಿಸಿ ಕೊಟ್ಟೆ ನೀನು. ಇವತ್ತು ಬೆಳಿಗ್ಗೆ ಸೇತುವೆ ಮೇಲೆ ಎಣ್ಣೆ ಚೇಂಬರಿನ ತಳದ ಪ್ಲಗ್ ಕಳಚಿ ಬಿತ್ತು. ಇದ್ದ ಎಣ್ಣೆ ಅಷ್ಟೂ ರಸ್ತೆ ಪಾಲು. ಇಂಜಿನ್ ಜಾಮಾಗಿ ಸ್ಟೀರಿಂಗ್ ಕಲ್ಲಾಯ್ತು, ತಿರುಗಲೇ ಇಲ್ಲ. ಕಂಬಿಗೆ ಹೊಡೆದು ನಿಂತ್ವಿ. ಹಿಂದೆ ಮಕ್ಕಳು ತುಂಬಿದ್ರಮ್ಮಾ! ಟೈಲರಮ್ಮನ ಮಗಳ ಕೈ ಮುರಿದಿದೆ. ಕಂಬಿ ಇಲ್ಲದಿದ್ರೆ ನಾವು ಇಷ್ಟು ಹೊತ್ತಿಗೆ ನದಿಯಲ್ಲಿರ್ತಿದ್ವಿ. ಬಿಗಿ ಮಾಡೋಕೆ ಮರೆತಿದ್ದೀಯ ನೀನು!”

ಕಾರು ಬಿಡಲು ಬಂದಿದ್ದವರು ಮಾತು ನಿಲ್ಲಿಸಿ ತಿರುಗಿ ನೋಡಿದರು. ಟೈಲರಮ್ಮನ ಮಗಳು ಅಕ್ಕನಿಗೆ ಗೊತ್ತು. ವ್ಯಾನಿನ ಕಿಟಕಿಯಿಂದ ನಾಲಿಗೆ ಚಾಚಿ ಅಣಕಿಸುತ್ತಿದ್ದವಳು.

“ಮರೆತಿಲ್ಲ. ಬಿಗಿ ಮಾಡಿದ್ದೆ. ಬಿಗಿ ಮಾಡಿ, ಒರೆಸಿ, ಇನ್ನೊಂದು ಸಲ ಮುಟ್ಟಿ ನೋಡಿದ್ದೆ.”

“ಹಾಗಾದ್ರೆ ಅದು ತಾನಾಗೇ ತಿರುಗಿಕೊಂಡು ಇಳಿದು ಹೋಯ್ತಾ?”

ಆಗ ಮೇಜಿನ ಹಿಂದಿನಿಂದ ತಮ್ಮ ಎದ್ದು ಬಂದ. ಇಸ್ತ್ರಿ ಮಾಡಿದ ಅಂಗಿ, ತಗ್ಗಿದ ದನಿ. ಹಾರ್ನ್ ಮಾಮನ ಹೆಗಲ ಮೇಲೆ ಕೈ ಇಟ್ಟ.

“ಮಾಮ, ಕೂತ್ಕೊಳ್ಳಿ, ನೀರು ಕುಡೀರಿ. ಅಕ್ಕನ ಮೇಲೆ ಕೂಗಾಡಬೇಡಿ. ಅವಳಿಗೆ ಈಚೆಗೆ ಸ್ವಲ್ಪ ಮರೆವು. ಕೆಲಸವೂ ಜಾಸ್ತಿ. ನಾನೇ ಕಣ್ಣಿಟ್ಟು ನೋಡ್ಕೋಬೇಕಿತ್ತು. ತಪ್ಪು ನಂದೇ ಅಂತ ಇಟ್ಕೊಳ್ಳಿ. ಇಂಜಿನ್ ಪೂರ್ತಿ ನಾವೇ ಮಾಡಿಕೊಡ್ತೀವಿ.”

ಎಷ್ಟು ಒಳ್ಳೆಯ ಹುಡುಗ ಎಂಬಂತೆ ಸುತ್ತ ನಿಂತವರು ತಲೆಯಾಡಿಸಿದರು. ಅಕ್ಕ ತಮ್ಮನ ಕಡೆ ತಿರುಗಿದಳು. ಯಾವ ಮರೆವು? ಯಾವಾಗಿನಿಂದ? ಆದರೆ ಅಷ್ಟು ಜನರ ಮುಂದೆ ಒಡಹುಟ್ಟಿದವನೇ ಅಷ್ಟು ಮೆತ್ತಗೆ ಹೇಳಿದಾಗ, ಇಲ್ಲ ಎಂದು ಕೂಗುವವಳೇ ಹುಚ್ಚಿಯಂತೆ ಕಾಣುತ್ತಾಳೆ.

ಹಾರ್ನ್ ಮಾಮ ನೀರು ಮುಟ್ಟಲಿಲ್ಲ. “ಸ್ಕೂಲಿನವರು ನನ್ನ ಕೈಯಿಂದ ಕೀಲಿ ಕಿತ್ಕೊಂಡ್ರು. ಗಾಡಿ ಸರಿಯಾಗಿ ನೋಡ್ಕೊಳ್ಳದವನಿಗೆ ಮಕ್ಕಳನ್ನ ಕೊಡಲ್ಲವಂತೆ. ನಿನ್ನ ಮರೆವಿಗೆ ನನ್ನ ತಲೆ,” ಎಂದು ಅಕ್ಕನ ಕಡೆ ಬೆರಳು ಮಾಡಿ ಹೊರಟುಹೋದ.

ಆಮೇಲಿನ ದಿನಗಳು ಅಕ್ಕನಿಗೆ ನರಕವಾದವು. ಮಾಡಿದ ಕೆಲಸವನ್ನು ಮತ್ತೆ ಮತ್ತೆ ನೋಡಿದಳು. ಚಕ್ರದ ನಟ್ಟು ಬಿಗಿ ಮಾಡಿ ಎರಡು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಬಿಗಿ ಮಾಡಿದಳು. ವ್ಯಾನಿನ ಕೆಳಗೆ ಮಲಗಿದ್ದ ಆ ದಿನವನ್ನು ತಿರುವಿ ಹಾಕಿದಳು. ಹಳೆಯ ಪ್ಲಗ್ಗಿನ ತಲೆ ಸವೆದು ಸ್ಪ್ಯಾನರ್ ಜಾರುತ್ತಿತ್ತು. ಅದಕ್ಕೇ ಹೊಸದನ್ನು ಹಾಕಿದ್ದಳು, ಕೆಂಪು ಡಬ್ಬಿಯಿಂದ ತೆಗೆದು. ಅಪ್ಪನ ಕಾಲದಿಂದಲೂ ಆ ಕೆಂಪು ಡಬ್ಬಿಯ ಕಂಪನಿಯದ್ದನ್ನು ಬಿಟ್ಟು ಬೇರೆ ಫಿಲ್ಟರಾಗಲಿ ಪ್ಲಗ್ಗಾಗಲಿ ಆ ಗ್ಯಾರೇಜಿನ ಕಪಾಟು ಹತ್ತಿದ್ದಿಲ್ಲ. ತಿರುಗಿಸುವಾಗ ಯಾಕೋ ಹಗುರ ಅನ್ನಿಸಿದ್ದು ನಿಜ. ಡಬ್ಬಿ ಕೆಂಪಗಿತ್ತಲ್ಲ ಎಂದು ಅವಳು ಮುಂದೆ ಯೋಚಿಸಿರಲಿಲ್ಲ.

ಮನೆಯಲ್ಲಿ ಅಮ್ಮ ಬೆಳಿಗ್ಗೆ ಎದ್ದ ಕೂಡಲೇ ನೆನೆಸಿದ ಬಾದಾಮಿ ತಂದು ಅಂಗೈಯಲ್ಲಿಟ್ಟಳು.

“ಏನಿದು?”

“ತಿನ್ನು. ಮರೆವಿಗೆ ಒಳ್ಳೇದಂತೆ. ತಮ್ಮ ಹೇಳ್ದ.”

ಅಕ್ಕ ಆ ಬಾದಾಮಿಯನ್ನು ನೋಡಿದಳು. ತಿನ್ನದೆ ಸಿಂಕಿನ ಪಕ್ಕ ಇಟ್ಟು ಹೊರಟಳು. ಅವಳಿಗೆ ಅಳು ಬಂದಿತ್ತು. ಅಳುವಿಗಿಂತ ಹೆಚ್ಚಾಗಿ ಭಯ ಬಂದಿತ್ತು. ಕೈ ಮಾಡಿದ ಕೆಲಸ ತಲೆಗೆ ಗೊತ್ತಿಲ್ಲದೆ ಹೋದರೆ ಮೆಕ್ಯಾನಿಕ್ಕಿನ ಬದುಕು ಮುಗಿದ ಹಾಗೇ.

ಆ ವಾರವೇ ಬೇಕರಿಯವನ ಕಾರು ಬಂತು. ಆಯಿಲ್ ಬದಲಾಯಿಸಬೇಕು. ಅದರ ಡ್ರೇನ್ ಪ್ಲಗ್ ಕೂಡ ತುಕ್ಕು ತಿಂದು ಹೋಗಿತ್ತು. ಅಕ್ಕ ಕಪಾಟಿನಿಂದ ಕೆಂಪು ಡಬ್ಬಿಯೊಂದನ್ನು ತಂದು, ಹೊಸ ಪ್ಲಗ್ಗಿಗೆ ಹೊಸ ವಾಷರ್ ಹಾಕಿ, ಮೊದಲು ಬೆರಳಿನಿಂದ ತಿರುಗಿಸಿದಳು. ಆಮೇಲೆ ಸ್ಪ್ಯಾನರ್. ಪ್ಲಗ್ ಕೊನೆ ಮುಟ್ಟಿದಾಗ ಮಣಿಕಟ್ಟಿಗೆ ಒಂದು ತಡೆ ತಿಳಿಯಬೇಕು. ಅದು ಬಂದ ಹಾಗೆ ಮಾಡಿ ಬರಲಿಲ್ಲ. ಇನ್ನೊಂದು ಚೂರು ಒತ್ತಿದಳು. ಪ್ಲಗ್ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಮತ್ತೂ ತಿರುಗಿತು.

ಅವಳು ಅದನ್ನು ಬಿಚ್ಚಿ ಬೆಳಕಿಗೆ ತಂದಳು. ತಿರುಪಿನ ಹಲ್ಲುಗಳ ನಡುವೆ ಬೆಳ್ಳಿಯ ಎಳೆಗಳಂತೆ ಲೋಹದ ಚೂರು ಸುತ್ತಿಕೊಂಡಿತ್ತು. ಬೇಕರಿಯವನ ತುಕ್ಕು ಹಿಡಿದ ಹಳೆ ಪ್ಲಗ್ಗನ್ನು ಎತ್ತಿಕೊಂಡು, ಎರಡರ ಹಲ್ಲಿಗೆ ಹಲ್ಲು ಸೇರಿಸಿ ಬಾಗಿಲ ಬೆಳಕಿಗೆ ಹಿಡಿದಳು. ಒಂದೇ ಅಳತೆಯವಾಗಿದ್ದರೆ ಒಂದರೊಳಗೊಂದು ಕೂತು ನಡುವೆ ಬೆಳಕು ತೂರಬಾರದು. ಇಲ್ಲಿ ಮೊದಲೆರಡು ಹಲ್ಲು ಕೂತವು. ಅಲ್ಲಿಂದಾಚೆ ಬೆಳಕು ಗೆರೆಗೆರೆಯಾಗಿ ಕಂಡಿತು.

ಅಕ್ಕ ಎರಡೂ ಪ್ಲಗ್ಗುಗಳನ್ನು ಜೇಬಿಗೆ ಹಾಕಿಕೊಂಡಳು. ನಂತರ ಕಪಾಟಿನ ಹತ್ತಿರ ಹೋಗಿ ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಪ್ರತಿಯೊಂದರ ತಳದಲ್ಲೂ ಅಂಟು ಬಿಡಿಸಿ ಮತ್ತೆ ಟೇಪು ಹಚ್ಚಿದ ಗುರುತು. ಡಬ್ಬಿ ಹಳೆಯದು, ಒಳಗಿನದು ಬೇರೆ. ಒಂದು ಆಯಿಲ್ ಫಿಲ್ಟರನ್ನು ಕೈಯಲ್ಲಿ ತೂಗಿದಳು: ಖಾಲಿ ತಗಡಿನ ಭಾರ. ವೈಸ್‌ನಲ್ಲಿ ಕಚ್ಚಿಸಿ ಹ್ಯಾಕ್ಸಾದಿಂದ ಸುತ್ತ ಕೊಯ್ದಳು. ಒಳಗೆ ಒತ್ತೊತ್ತಾಗಿ ಇರಬೇಕಾದ ಕಾಗದದ ಮಡಿಕೆ ಅಲ್ಲೊಂದು ಇಲ್ಲೊಂದು ಇತ್ತು. ಎರಡು ತುದಿಗೂ ಲೋಹದ ಬದಲು ರಟ್ಟು. ಗಾಡಿ ನಿಂತಾಗ ಎಣ್ಣೆಯನ್ನು ಹಿಡಿದಿಡುವ ರಬ್ಬರಿನ ತೆರೆಯಂತೂ ಇರಲೇ ಇಲ್ಲ.

ಭಯ ಒಂದೇ ಏಟಿಗೆ ಇಳಿದುಹೋಯಿತು. ಅದರ ಜಾಗದಲ್ಲಿ ಬಂದದ್ದು ಅಂಗಾಲಿನಿಂದ ನೆತ್ತಿಯವರೆಗೆ ಉರಿಯುವಂಥದ್ದು.

ಊಟ ಮುಗಿಸಿ, ಫೋನಿನಲ್ಲಿ ನಗುತ್ತ ತಮ್ಮ ಒಳಗೆ ಬಂದ. ಹೋದ ತಿಂಗಳಷ್ಟೇ ಅವನ ಮದುವೆ ನಿಶ್ಚಯವಾಗಿತ್ತು. ಆ ನಗು ನಿಶ್ಚಯವಾದ ಹುಡುಗಿಗೆ. ವೈಸ್‌ನಲ್ಲಿ ಹೊಟ್ಟೆ ಸೀಳಿ ನಿಂತಿದ್ದ ಫಿಲ್ಟರನ್ನು ಕಂಡವನೇ ಫೋನು ಕಿವಿಯಿಂದ ಇಳಿಸಿದ.

“ಎಲ್ಲಿಂದ ತಂದೆ?” ಅಕ್ಕ ಕೇಳಿದಳು.

“ಏನು?”

“ನನ್ನ ಹತ್ರ ಏನು ಅನ್ನಬೇಡ.”

ಅವನು ಅಡ್ಡಗೋಡೆಯ ಮೇಲೆ ದೀಪ ಇಡಲು ನೋಡಿದ. ಈಗ ಎಲ್ಲ ಕಡೆ ಇದೇ ಬರುತ್ತದೆ, ಕಂಪನಿಯೇ ಬದಲಾಗಿರಬಹುದು ಎಂದ. ಅಕ್ಕ ಒಂದು ಡಬ್ಬಿ ಎತ್ತಿ ಟೇಪಿನ ಗುರುತನ್ನು ಅವನ ಮೂಗಿನ ಕೆಳಗೆ ಹಿಡಿದಳು.

“ಅವಳ ಅಣ್ಣ ಹೊಸದಾಗಿ ಸ್ಪೇರ್ ಅಂಗಡಿ ಹಾಕಿದಾನೆ,” ತಮ್ಮ ಕೊನೆಗೆ ನೆಲ ನೋಡುತ್ತ ಹೇಳಿದ. “ಇನ್ನು ಸಂಬಂಧ ಆಗ್ತೀವಿ, ನಮ್ಮ ಸಾಮಾನೇ ತಗೋ ಅಂದ. ಹೆಣ್ಣು ಕೊಡೋರಿಗೆ ಬೇಡ ಅನ್ನೋಕಾಗುತ್ತಾ? ನಿನಗೆ ಹೇಳಿದ್ರೆ ನೀನು ಒಪ್ತಿರಲಿಲ್ಲ. ಕೆಂಪು ಡಬ್ಬಿ ಬಿಟ್ಟು ಬೇರೆ ಮುಟ್ಟೋದೇ ಇಲ್ಲ ನೀನು.”

“ಅದಕ್ಕೆ ಡಬ್ಬಿ ಹಾಗೇ ಇಟ್ಟು ಒಳಗಿಂದು ಬದಲಾಯಿಸ್ದೆ.”

ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

“ಹಾರ್ನ್ ಮಾಮ ಬಂದು ಇಲ್ಲಿ ನಿಂತಾಗ ನಿನಗೆ ಗೊತ್ತಿತ್ತಾ?”

“ಅನುಮಾನ ಇತ್ತು.”

“ಅನುಮಾನ ಇತ್ತು!” ಅಕ್ಕನ ದನಿ ಶೀಟಿನ ಚಾವಣಿಗೆ ಬಡಿದು ಬಂತು. “ಅನುಮಾನ ಇಟ್ಕೊಂಡು ನನ್ನ ತಲೆ ಮೇಲೆ ಗೂಬೆ ಕೂರಿಸ್ದೆ! ಮರೆವು ಅಂದೆ! ಅಮ್ಮನ ಕೈಲಿ ಬಾದಾಮಿ ಕೊಡಿಸ್ದೆಯಲ್ಲೋ! ನಾನು ನನ್ನ ಕೈನೇ ನಂಬದ ಹಾಗೆ ಮಾಡ್ದೆ. ಆ ಮಗು ಕೈಗೆ ಪ್ಲಾಸ್ಟರ್ ಹಾಕ್ಕೊಂಡು ಕೂತಿದೆ, ಆ ಮನುಷ್ಯ ಕೆಲಸ ಕಳ್ಕೊಂಡ, ನೀನು ಇಸ್ತ್ರಿ ಅಂಗಿ ಹಾಕ್ಕೊಂಡು ತಪ್ಪು ನಂದೇ ಅಂತ ಇಟ್ಕೊಳ್ಳಿ ಅಂದೆ. ಇಟ್ಕೊಳ್ಳಿ ಅಂತೆ!”

ಕೈಗೆ ಸಿಕ್ಕಿದ್ದು ಫಿಲ್ಟರುಗಳ ಟ್ರೇ. ಅದನ್ನು ಎತ್ತಿ ಅಂಗಳಕ್ಕೆ ಎಸೆದಳು. ಫಿಲ್ಟರುಗಳು ಉರುಳಿಕೊಂಡು ರಸ್ತೆಯವರೆಗೂ ಹೋದವು. ಎದುರಿನ ಪಂಕ್ಚರ್ ಅಂಗಡಿಯವನು ಒಂದನ್ನು ಕಾಲಿನಿಂದ ತಡೆದು, ಅವಳ ಮುಖ ನೋಡಿ, ಎತ್ತಿ ಕೊಡಬೇಕೋ ಬೇಡವೋ ತಿಳಿಯದೆ ಅಲ್ಲೇ ಇಟ್ಟ.

“ಹೆಕ್ಕು,” ಅಕ್ಕ ತಮ್ಮನಿಗೆ ಹೇಳಿದಳು. “ಒಂದೂ ಬಿಡದ ಹಾಗೆ ಹೆಕ್ಕಿ, ಪ್ಲಗ್ಗುಗಳನ್ನೂ ಸೇರಿಸಿ ಚೀಲಕ್ಕೆ ಹಾಕು. ಹೊತ್ಕೊಂಡು ನನ್ನ ಜೊತೆ ಬಾ.”

ಅಷ್ಟರಲ್ಲಿ ಯಾರು ಸುದ್ದಿ ಮುಟ್ಟಿಸಿದರೋ, ಅಮ್ಮ ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ ಓಡಿಬಂದಳು. ವಿಷಯ ಕೇಳಿದಳು. ಮಗನನ್ನು ಬಯ್ಯುವ ಬದಲು ಮಗಳ ತೋಳು ಹಿಡಿದಳು.

“ಆಗಿದ್ದು ಆಗೋಯ್ತು ಕಣೇ. ಬೀದಿಗೆ ತರಬೇಡ. ಮದುವೆ ಮುರಿದು ಹೋಗತ್ತೆ. ಎಷ್ಟಾದ್ರೂ ನಿನ್ನ ತಮ್ಮ. ನಿಂದೇ ಮರೆವು ಅಂತ ಜನ ಆಗಲೇ ನಂಬಿದಾರೆ, ಹಾಗೇ ಇರ್ಲಿ ಬಿಡು. ನಿಂಗೇನು ಮದುವೆ ಆಗ್ಬೇಕಾ, ಮಕ್ಕಳಾಗ್ಬೇಕಾ?”

ಅಕ್ಕ ತೋಳು ಬಿಡಿಸಿಕೊಂಡಳು. ತಮ್ಮನ ಮೇಲಿನ ಸಿಟ್ಟು ಸುಡುವಂಥದ್ದಾಗಿತ್ತು. ಇದು ಹಾಗಲ್ಲ, ತಣ್ಣಗೆ ಬೆನ್ನುಮೂಳೆಯಲ್ಲಿ ಇಳಿಯಿತು. “ಮದುವೆ ಆಗಬೇಕಾಗಿಲ್ಲಮ್ಮ,” ಎಂದಳು. “ನಾಳೆ ಬೆಳಿಗ್ಗೆ ಗುಂಡಿಗೆ ಇಳೀಬೇಕು. ನಾನು ಬಿಗಿ ಮಾಡಿದ ಗಾಡಿಯಲ್ಲಿ ಜನ ಕೂರಬೇಕು. ನನಗಿರೋದು ಅದೊಂದೇ. ಅದನ್ನೂ ಅವನಿಗೆ ಕೊಟ್ಟುಬಿಡಲಾ?”

ಅಮ್ಮ ಮೇಜಿನ ಹಿಂದಿನ ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಕ್ಕ ಸಮಾಧಾನ ಮಾಡಲು ನಿಲ್ಲಲಿಲ್ಲ.

ಸ್ಪೇರ್ ಅಂಗಡಿ ಹೊಚ್ಚ ಹೊಸದು, ಗಾಜಿನ ಬಾಗಿಲಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಕೂಡ ಇನ್ನೂ ಕಿತ್ತಿರಲಿಲ್ಲ. ಬೀಗರಾಗಲಿದ್ದ ಆ ಅಣ್ಣ “ಬನ್ನಿ ಬನ್ನಿ, ಅಕ್ಕ” ಎಂದು ಎದ್ದ. ಒಳಗಡೆ ಅವನ ತಂಗಿ, ತಮ್ಮನಿಗೆ ನಿಶ್ಚಯವಾದ ಹುಡುಗಿ, ಆಸ್ಪತ್ರೆಯ ನರ್ಸ್ ಬಟ್ಟೆಯಲ್ಲೇ ಕೂತು ಅಣ್ಣನ ಜೊತೆ ಟೀ ಕುಡಿಯುತ್ತಿದ್ದಳು. ಅಕ್ಕ ಸನ್ನೆ ಮಾಡಿದಳು. ತಮ್ಮ ಚೀಲವನ್ನು ಕೌಂಟರಿನ ಮೇಲೆ ಸುರಿದ.

“ಇದೇನು, ವಾಪಸ್ಸಾ?”

“ವಾಪಸ್. ಈ ಪ್ಲಗ್ಗುಗಳ ಹಲ್ಲು ಯಾವ ಚೇಂಬರಿಗೂ ಕೂರಲ್ಲ. ಎರಡು ಸುತ್ತು ಹಿಡಿದ ಹಾಗೆ ಮಾಡಿ ಒಳಗಿನ ಹಲ್ಲನ್ನೇ ತಿಂದುಹಾಕುತ್ತೆ. ಫಿಲ್ಟರ್ ಅಂತೂ ಬಿಡು, ರಟ್ಟಿನ ಡಬ್ಬಿ. ಇದನ್ನ ಹಾಕಿದ ಸ್ಕೂಲ್ ವ್ಯಾನ್ ಸೇತುವೆ ಕಂಬಿಗೆ ಹೊಡೀತು.”

ಅಂಗಡಿಯವನು ನಕ್ಕ. “ಅಕ್ಕ, ಎಲ್ಲಾರೂ ಇದನ್ನೇ ಹಾಕೋದು. ಯಾರೂ ದೂರು ಹೇಳಿಲ್ಲ. ಬಿಗಿ ಮಾಡೋರ ಕೈಲೂ ಇರುತ್ತೆ ನೋಡಿ. ನಿಮ್ಮ ತಮ್ಮನೇ ಹೇಳಿದ್ರಲ್ಲ, ನಿಮಗೆ ಸ್ವಲ್ಪ...”

“ಹೇಳು,” ಅಕ್ಕ ತಮ್ಮನ ಕಡೆ ತಿರುಗಿದಳು. “ನನಗೆ ಸ್ವಲ್ಪ ಏನು, ಹೇಳು.”

ತಮ್ಮನ ಕಿವಿ ಕೆಂಪಾಯಿತು. “ಮರೆವಿಲ್ಲ,” ಎಂದ, ತನಗೇ ಕೇಳಿಸದಷ್ಟು ಮೆತ್ತಗೆ.

“ಜೋರಾಗಿ.”

“ಅಕ್ಕಂಗೆ ಮರೆವಿಲ್ಲ. ನಾನು ಸುಳ್ಳು ಹೇಳ್ದೆ.”

ನರ್ಸ್ ಹುಡುಗಿ ಟೀ ಲೋಟ ಕೆಳಗಿಟ್ಟಳು. ಎದ್ದು ಬಂದು ಕೌಂಟರಿನ ಮೇಲಿನ ಪ್ಲಗ್ಗೊಂದನ್ನು ಎತ್ತಿ ನೋಡಿದಳು, ಹಾಗೇ ಇಟ್ಟಳು.

“ಆ ಮಗುವಿನ ಕೈಗೆ ಪ್ಲಾಸ್ಟರ್ ಹಾಕೋವಾಗ ಹಿಡ್ಕೊಂಡಿದ್ದು ನಾನು,” ಎಂದು ತಮ್ಮನಿಗೆ ಹೇಳಿದಳು. “ಆ ಸಂಜೆ ನಿಮಗೆ ಹೇಳಿದೆ. ಅಕ್ಕ ಪ್ಲಗ್ ಮರೆತಳು ಪಾಪ ಅಂದ್ರಿ. ನಾನೂ ಪಾಪ ಅಂದೆ.” ಅಣ್ಣನ ಕಡೆ ಒಮ್ಮೆ, ತಮ್ಮನ ಕಡೆ ಒಮ್ಮೆ ನೋಡಿದಳು. “ಕೂಡಿ ಬೆಳೆದ ಅಕ್ಕನ ಹೆಸರು ಹೇಳಿ ತಪ್ಪಿಸ್ಕೊಂಡವರು ನಾಳೆ ನನ್ನ ಹೆಸರು ಹೇಳಲ್ವಾ?”

ಅವಳು ಹೊರಗೆ ಬಂದು, ಆಸ್ಪತ್ರೆಯ ಕಡೆ ನಡೆದುಹೋದಳು. ತಮ್ಮ ಹಿಂದೆ ಹೋಗಲು ಹೆಜ್ಜೆ ಇಟ್ಟ. ಅಕ್ಕ ಅಂಗಿ ಹಿಡಿದು ನಿಲ್ಲಿಸಿದಳು.

“ಮೊದಲು ಸ್ಕೂಲು.”

ಸ್ಕೂಲಿನ ಹೆಡ್ ಮೇಡಂ ಅವರನ್ನು ಕೂರಿ ಎನ್ನಲಿಲ್ಲ. ಅಕ್ಕ ಜೇಬಿನಲ್ಲಿದ್ದ ಪ್ಲಗ್ಗನ್ನೂ ಜೊತೆಗೆ ತಂದಿದ್ದ ಸೀಳಿದ ಫಿಲ್ಟರನ್ನೂ ಮೇಜಿನ ಮೇಲಿಟ್ಟು ಗೋಡೆಗೆ ಒರಗಿ ನಿಂತಳು. ಮಾತು ಪೂರ್ತಿ ತಮ್ಮನದೇ ಆಗಬೇಕಿತ್ತು. ಜೇನಿನ ನಾಲಿಗೆ ಅಲ್ಲಿ ತೊದಲಿತು. ಮೂರು ಸಲ “ಅಂದ್ರೆ” ಎಂದ, ಎರಡು ಸಲ ಅಕ್ಕನ ಕಡೆ ನೋಡಿದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಕೊನೆಗೆ ಹೇಳಿದ: ಡಬ್ಬಿ ಬದಲಾಯಿಸಿದ್ದು ನಾನು, ಡ್ರೈವರದು ಏನೂ ತಪ್ಪಿಲ್ಲ, ಅಕ್ಕನದೂ ಇಲ್ಲ. ಹೆಡ್ ಮೇಡಂ ಸೀಳಿದ ಫಿಲ್ಟರನ್ನು ಎತ್ತಿ ನೋಡಿ, “ಇದನ್ನ ಟೈಲರಮ್ಮನ ಮನೆಗೂ ಹೋಗಿ ಹೇಳಿ,” ಎಂದರು. ಅಲ್ಲಿಗೂ ಹೋದರು. ಟೈಲರಮ್ಮ ತಮ್ಮನ ಕೆನ್ನೆಗೆ ಒಂದು ಬಾರಿಸಿ, ಬಾಗಿಲು ಹಾಕಿಕೊಂಡಳು. ಅಕ್ಕ ತಡೆಯಲಿಲ್ಲ.

ಆಮೇಲೆ ಕರೆಗಳು. ಕಪಾಟಿಗೆ ಆ ನಕಲಿ ಸಾಮಾನು ಬಂದಮೇಲೆ ಯಾರ್ಯಾರ ಕಾರಿನ ಕೆಳಗೆ ಮಲಗಿದ್ದಳೋ ಎಲ್ಲವೂ ಅಕ್ಕನಿಗೆ ನೆನಪಿತ್ತು. ಅಕ್ಕ ಬಣ್ಣ, ಮಾಡೆಲ್ಲು, ಎಲ್ಲಿ ಎಣ್ಣೆ ಒಸರುತ್ತಿತ್ತು ಎಂಬುದನ್ನೂ ಹೇಳುತ್ತ ಹೋದಳು, ತಮ್ಮ ನಂಬರು ಒತ್ತುತ್ತ ಹೋದ. “ನಮ್ಮ ಗ್ಯಾರೇಜಿನಲ್ಲಿ ಹಾಕಿದ ಫಿಲ್ಟರ್ ಕೆಟ್ಟದ್ದು, ಗಾಡಿ ಓಡಿಸಬೇಡಿ, ನಾವೇ ಬಂದು ತಗೊಂಡು ಹೋಗ್ತೀವಿ.” ಕೆಲವರು ಥ್ಯಾಂಕ್ಸ್ ಎಂದರು. ಹೆಚ್ಚಿನವರು ಬಾಯಿಗೆ ಬಂದ ಹಾಗೆ ಬಯ್ದರು. ಇನ್ನು ನಿಮ್ಮ ಕಡೆ ತಲೆ ಹಾಕಿ ಮಲಗಲ್ಲ ಎಂದವರೂ ಇದ್ದರು. ತಮ್ಮ ಫೋನು ಇಟ್ಟಾಗಲೆಲ್ಲ ಅಕ್ಕ “ಮುಂದಿಂದು” ಎನ್ನುತ್ತಿದ್ದಳು.

ಬಿಡಿಭಾಗ ತರಲು ಈಗ ಅವಳೇ ಹೋದಳು. ಅಂಗಡಿಯವರು ಒಂದೇ ಫಿಲ್ಟರಿಗೆ ಇಷ್ಟು ಹೊತ್ತೇ ಎಂದು ಗೊಣಗಿದರೂ, ರಬ್ಬರ್ ಉಂಗುರವನ್ನು ಉಗುರಿನಿಂದ ಒತ್ತಿ, ತೂತಿನೊಳಗೆ ಬೆರಳು ತೂರಿಸಿ, ಪ್ಲಗ್ಗಿನ ಹಲ್ಲನ್ನು ಜೊತೆಗೆ ಒಯ್ದಿದ್ದ ಹಳೆಯದಕ್ಕೆ ಸೇರಿಸಿ ನೋಡದೆ ಒಂದನ್ನೂ ಚೀಲಕ್ಕೆ ಹಾಕಲಿಲ್ಲ. ಡಬ್ಬಿಯ ಬಣ್ಣವನ್ನು ಅವಳು ನೋಡುವುದನ್ನೇ ಬಿಟ್ಟಳು. ಆ ವಿಷಯದಲ್ಲಿ ಅವಳಿಗೆ ತನ್ನ ಮೇಲೂ ಸಿಟ್ಟಿತ್ತು. ಹಗುರ ಅನ್ನಿಸಿದ ಕೂಡಲೇ ಯಾಕೆ ಬಿಚ್ಚಿ ನೋಡಲಿಲ್ಲ?

ತಮ್ಮನನ್ನು ಗುಂಡಿಗೆ ಇಳಿಸಿದಳು. ಇಸ್ತ್ರಿ ಅಂಗಿ ಹೋಗಿ ಎಣ್ಣೆ ಬಟ್ಟೆ ಬಂತು. ಬಂದ ಗಾಡಿಗಳ ಹಾಳಾದ ಹಲ್ಲುಗಳನ್ನು ಕೊರೆದು ಸರಿಮಾಡುವುದು ಅಕ್ಕನ ಕೆಲಸ. ಬಿಚ್ಚುವುದು, ಒರೆಸುವುದು, ಹೊಸದನ್ನು ಹಾಕುವುದು ಅವನದು. ಕಾದ ಎಣ್ಣೆ ಮುಂಗೈಗೆ ಬಿದ್ದು ಅವನು ಅಯ್ಯೋ ಎಂದಾಗ ಅಮ್ಮ ಮುಲಾಮು ತಂದು ಹಚ್ಚಿದಳು. ಅಕ್ಕ ಅತ್ತ ನೋಡಲಿಲ್ಲ.

ಗ್ಯಾರೇಜಿಗೆ ಎಳೆದು ತಂದಿದ್ದ ವ್ಯಾನಿನ ಇಂಜಿನ್ ಸಿದ್ಧವಾದ ದಿನ ಹಾರ್ನ್ ಮಾಮ ಬಂದ. ಸ್ಕೂಲಿನವರು ಅವನನ್ನು ಮತ್ತೆ ಕರೆದಿದ್ದರು. ಅವನು ವ್ಯಾನಿನ ಸುತ್ತ ಒಂದು ಸುತ್ತು ಹಾಕಿ, ಮಂಡಿಯೂರಿ ಬಗ್ಗಿ ಪ್ಲಗ್ ನೋಡಿ, ಮೇಲೆದ್ದು ಅಕ್ಕನ ಮುಂದೆ ನಿಂತ.

“ಜನರ ಮುಂದೆ ನಿಂಗೆ ಏನೇನೋ ಅಂದೆ,” ಎಂದ.

“ಅಂದಿರಿ,” ಅಕ್ಕ ಹೇಳಿದಳು. “ನಿಮ್ಮ ಜಾಗದಲ್ಲಿದ್ದಿದ್ರೆ ನಾನು ಸ್ಪ್ಯಾನರ್ ಎತ್ತಿರ್ತಿದ್ದೆ.”

ಹಾರ್ನ್ ಮಾಮ ನಗಲು ನೋಡಿ, ಅವಳು ತಮಾಷೆ ಮಾಡುತ್ತಿಲ್ಲ ಎಂದು ತಿಳಿದು, ಕೀಲಿ ತೆಗೆದುಕೊಂಡ.

ವ್ಯಾನ್ ಹೋದ ಮೇಲೆ ತಮ್ಮ ಗುಂಡಿಯಿಂದ ಹತ್ತಿ ಬಂದ. ಮುಖ ಇಳಿದಿತ್ತು.

“ಅಕ್ಕಾ, ಅವಳು ಫೋನ್ ತೆಗೀತಿಲ್ಲ. ನಿಶ್ಚಯವಾದ ತಾರೀಕು ಬೇಡ ಅಂತ ಮನೇಲಿ ಹೇಳಿದಾಳಂತೆ. ನೀನು ಒಂದು ಮಾತು ಹೇಳು. ನಿನ್ನ ಮಾತಾದ್ರೆ ಕೇಳ್ತಾಳೆ. ಅವನು ಈಗ ಸರಿಹೋಗಿದಾನೆ ಅಂತ ಹೇಳು, ಸಾಕು.”

ಇಳಿಯುತ್ತಿದೆ ಎಂದು ಅವಳೇ ಅಂದುಕೊಂಡಿದ್ದ ಸಿಟ್ಟು ಮತ್ತೆ ಭಗ್ಗೆಂದಿತು.

“ಆವತ್ತು ನಿನ್ನ ತಪ್ಪು ಮುಚ್ಚೋಕೆ ನನ್ನ ಹೆಸರು ಬೇಕಾಯ್ತು. ಈಗ ಹೆಣ್ಣು ಒಪ್ಪಿಸೋಕೂ ನನ್ನ ಹೆಸರೇ ಬೇಕಾ? ನಿಂದು ಅಂತ ಒಂದು ಬಾಯಿಲ್ವಾ ನಿನಗೆ? ಹೋಗು. ನೀನೇ ಹೋಗಿ ನಿಂತು ಹೇಳು. ಕೇಳಿದ್ರೆ ಕೇಳ್ತಾಳೆ, ಬಿಟ್ರೆ ಬಿಡ್ತಾಳೆ.”

ಅವನು ಕೈ ಕೂಡ ತೊಳೆಯದೆ, ಎಣ್ಣೆ ಬಟ್ಟೆಯಲ್ಲೇ ಆಸ್ಪತ್ರೆಯ ದಾರಿ ಹಿಡಿದ. ಬಾಗಿಲಲ್ಲಿ ಕೂತಿದ್ದ ಅಮ್ಮ ಮಗಳ ಮುಖ ನೋಡಿ, ಕಾಲು ಸರಿಸಿ ಅವನಿಗೆ ದಾರಿ ಬಿಟ್ಟಳು.

ಅಲ್ಲಿ ಅವನು ಏನು ಹೇಳಿದನೋ, ಅವಳು ಏನು ಅಂದಳೋ ಅಕ್ಕ ಕೇಳಲಿಲ್ಲ. ತಿರುಗಿ ಬಂದವನು ತಾನಾಗಿ ಹೇಳಲೂ ಇಲ್ಲ. ನೇರವಾಗಿ ಗುಂಡಿಗೆ ಇಳಿದು, ಮೇಲೆ ನಿಂತಿದ್ದ ಕಾರಿನ ಕೆಳಗೆ ದೀಪ ಸರಿಸಿಕೊಂಡು, “ಅಕ್ಕಾ, ಹದಿನೇಳರ ಸ್ಪ್ಯಾನರ್ ಕೊಡು,” ಎಂದ. ಅಕ್ಕ ಕೊಟ್ಟಳು. ಕೈಗೆ ಕೊಡಲಿಲ್ಲ, ಗುಂಡಿಯ ಅಂಚಿನ ಮೇಲೆ ಠಣ್ಣೆಂದು ಇಟ್ಟಳು.